ಅಡಿವೆಪ್ಪನ ನಾಲ್ಕು ಡಬ್ಬಿ

ಅಡಿವೆಪ್ಪನ ಕತೆ ಹೇಳು ಅಂತ ಕೇಳುತ್ತೀರಿ, ಹೇಳುತ್ತೇನೆ. ನಗು ಬಂದ ಕಡೆ ನಗಿ, ನಾನು ಬೇಡ ಅನ್ನುವುದಿಲ್ಲ. ಅವನ ಅವ್ವನೇ ಒಂದು ಸಲ ನಕ್ಕಿದ್ದಳು. ಆದರೆ ಕತೆ ಮುಗಿಯುವ ಹೊತ್ತಿಗೂ ಯಾರಾದರೂ ನಗುತ್ತಾ ಇದ್ದರೆ ಅಂಥವರ ಹತ್ತಿರ ನನಗೆ ಮಾತಿಲ್ಲ, ಎದ್ದು ಹೋಗಬಹುದು.

ಗದಗಿನ ಆಚೆ ಒಂದು ಊರು. ಊರಿನ ಹಿಂದಿನ ಓಣಿಯಲ್ಲಿ ಒಂದು ಬಾಡಿಗೆ ಮನೆ. ಮನೆಯಲ್ಲಿ ಇದ್ದವರು ಇಬ್ಬರೇ, ಸಂಕವ್ವ ಮತ್ತು ಅವಳ ಮಗ ಅಡಿವೆಪ್ಪ. ಸಂಕವ್ವ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಬೆಳಗಿನ ಐದಕ್ಕೆ ಅವಳು ಒಲೆ ಹೊತ್ತಿಸಿದರೆ ಓಣಿಗೆಲ್ಲ ಆ ರೊಟ್ಟಿಯ ಸಪ್ಪಳವೇ ಗಡಿಯಾರ. ಅಡಿವೆಪ್ಪನಿಗೆ ಇಪ್ಪತ್ತಾರು ವಯಸ್ಸು, ಎತ್ತಿನಂಥ ಮೈ. ಜೋಳದ ಚೀಲ ಹೊರುತ್ತಿದ್ದ, ಗಿರಣಿಗೆ ಹೋಗುತ್ತಿದ್ದ, ಕಟ್ಟಿಗೆ ಒಡೆಯುತ್ತಿದ್ದ, ನೀರು ತರುತ್ತಿದ್ದ. ಹೇಳಿದ್ದನ್ನು ಬಿಡುತ್ತಿರಲಿಲ್ಲ. ಹೇಳದ್ದನ್ನು ಮಾಡುತ್ತಿರಲಿಲ್ಲ. ಒಮ್ಮೆ ಅವ್ವ ಮಾಳಿಗೆ ಮೇಲೆ ಸಂಡಿಗೆ ಒಣಹಾಕಿ, "ಮಳಿ ಬಂದ್ರ ತಗದಿಡೋ ತಮ್ಮಾ" ಅಂದು ಹೋಗಿದ್ದಳು. ಮೋಡ ಕಪ್ಪಾಯಿತು, ಗಾಳಿ ಎದ್ದಿತು, ಅಕ್ಕಪಕ್ಕದವರೆಲ್ಲ ಮಾಳಿಗೆ ಹತ್ತಿ ಓಡಾಡಿದರು. ಅಡಿವೆಪ್ಪ ಕೂತೇ ಇದ್ದ. ಮಳೆ ಬಂತು. ಆಗ ಎದ್ದು ತೆಗೆದಿಟ್ಟ.

ಅದು ದೊಡ್ಡದಲ್ಲ ಬಿಡಿ, ಸಂಡಿಗೆ ಹೋದರೆ ಸಂಡಿಗೆ. ಆದರೆ ಒಂದು ವರ್ಷ ಸಂಕವ್ವನಿಗೆ ನಾಲ್ಕು ಹೆಜ್ಜೆ ನಡೆದರೆ ಉಸಿರು ಸಾಲದಂತಾಯಿತು. ದವಾಖಾನೆಯ ಡಾಕ್ಟರು ನೋಡಿ, "ಎದಿ ಸೋತೈತಿ ಯವ್ವಾ, ಒಲಿ ಮುಂದ ಕೂಡೂದು ಬಿಡು" ಅಂದರು. ಒಲೆ ಬಿಟ್ಟರೆ ಉಣ್ಣುವುದೇನು? ಸಂಕವ್ವ ಗುಳಿಗೆಯ ಚೀಟಿಯನ್ನು ಸೆರಗಿಗೆ ಕಟ್ಟಿಕೊಂಡು ಮನೆಗೆ ಬಂದಳು. ತನ್ನ ಚಿಂತೆ ಅವಳಿಗೆ ಆಗಲಿಲ್ಲ. ತಾನು ಹೋದಮೇಲೆ ಈ ಮಗ ಮನೆ ಹೆಂಗೆ ನಡೆಸುತ್ತಾನೆ, ಅದೊಂದೇ ಚಿಂತೆ.

ಅಲ್ಲಿಯವರೆಗೆ ಮನೆಯ ಲೆಕ್ಕವೆಲ್ಲ ಅವಳ ತಲೆಯಲ್ಲಿತ್ತು, ದುಡ್ಡೆಲ್ಲ ಅವಳ ಸೊಂಟದ ಸಂಚಿಯಲ್ಲಿತ್ತು. ತಲೆ ಮಗನಿಗೆ ಕೊಡಲು ಬರುವುದಿಲ್ಲವಲ್ಲ. ಆದ್ದರಿಂದ ನಾಲ್ಕು ಡಬ್ಬಿ ತೊಳೆದು, ಒರೆಸಿ, ಗೋಡೆಯ ಮಾಡದಲ್ಲಿ ಸಾಲಾಗಿ ಇಟ್ಟಳು.

"ತಮ್ಮಾ, ಇಲ್ನೋಡು. ಪೌಡರ್ ಡಬ್ಬಿ ಬಾಡಿಗಿಗೆ. ಚಹಾಪುಡಿ ಡಬ್ಬಿ ಜ್ವಾಳಕ್ಕ, ಕಟಗಿಗೆ. ಬಿಸ್ಕೀಟ್ ಡಬ್ಬಿ ಸಂತಿಗೆ, ನನ್ನ ಗುಳಿಗಿಗೆ. ಶನಿವಾರಕ್ಕೊಮ್ಮೆ ರೊಟ್ಟಿ ರೊಕ್ಕ ಎಣಿಸಿ ಡಬ್ಬಿ ಡಬ್ಬಿಗೆ ಹಾಕ್ಬೇಕು. ಅಷ್ಟರಾಗ ಸಂಸಾರ ಮಾಡ್ಬೇಕು. ಹಾಸಿಗಿ ಇದ್ದಷ್ಟು ಕಾಲು ಚಾಚಬೇಕು, ತಿಳೀತಿಲ್ಲೋ?"

"ತಿಳೀತು. ಹಿತ್ತಾಳಿ ಡಬ್ಬಿ ಯಾತಕ್ಕ?"

ಸಂಕವ್ವ ಆ ಡಬ್ಬಿಯನ್ನು ಸೆರಗಿನಿಂದ ಇನ್ನೊಮ್ಮೆ ಒರೆಸಿದಳು. "ಅದು ನನ್ನ ಮಣ್ಣಿಗೆ" ಅಂದಳು.

ಯಾಕೆ ಅಂತ ನಿಮಗೆ ಹೇಳಬೇಕು. ಅವಳ ಗಂಡ ಸತ್ತಾಗ ಮನೆಯಲ್ಲಿ ಹನ್ನೊಂದು ರೂಪಾಯಿ ಇತ್ತು. ಓಣಿಯವರು ಮನೆಮನೆಗೆ ಹೋಗಿ ಪಟ್ಟಿ ಎತ್ತಿ, ಬಂದ ದುಡ್ಡಿನಲ್ಲಿ ಮಣ್ಣು ಮಾಡಿದರು. ಮಾಡಿದ್ದು ಉಪಕಾರವೇ, ಇಲ್ಲ ಅನ್ನುವುದಿಲ್ಲ. ಆದರೆ ಉಪಕಾರ ಮಾಡಿದವರಿಗೆ ನಾಲಿಗೆ ಇರುತ್ತದೆ. ಹದಿನೈದು ವರ್ಷವಾದರೂ ನೀರಿನ ನಳದ ಹತ್ತಿರ ಒಂದು ಮಾತು ಬಂದರೆ ಸಾಕು, "ನಿನ್ನ ಗಂಡನ ಮಣ್ಣಿಗೆ ನಮ್ಮ ಮನಿದೂ ಐವತ್ತು ರೂಪಾಯಿ ಐತಿ" ಅನ್ನುವವರಿದ್ದರು. ಸಂಕವ್ವ ಅದನ್ನು ನುಂಗಿ ನುಂಗಿ ಒಂದು ಹಟ ತೊಟ್ಟಿದ್ದಳು. ತನ್ನ ಮಣ್ಣು ತನ್ನ ದುಡ್ಡಿನಲ್ಲಿ ಆಗಬೇಕು. ಅದಕ್ಕೆಂದೇ ಸಂಚಿಯಲ್ಲಿ ಕೂಡಿಟ್ಟಿದ್ದ ಐದು ಸಾವಿರವನ್ನು ಆ ಡಬ್ಬಿಗೆ ಹಾಕಿದ್ದಳು. ಕುಣಿ ತೋಡುವವನಿಗೆ ಇಷ್ಟು, ವಿಭೂತಿ ಹಾರಕ್ಕೆ ಇಷ್ಟು, ಭಜನೆಯವರಿಗೆ ಇಷ್ಟು ಅಂತ ಮಗನಿಗೆ ಬೆರಳು ಮಡಚಿ ಹೇಳಿದಳು. ಯಾರ ಮನೆಯ ಮುಂದೂ ಯಾರೂ ಪಟ್ಟಿಗೆಂದು ಟವೆಲು ಹಿಡಿದು ನಿಲ್ಲಬಾರದು, ಅಷ್ಟು ಆದರೆ ಅವಳಿಗೆ ಸಾಕಿತ್ತು.

ಅಡಿವೆಪ್ಪ ಹೂಂ ಅಂದ. ಅವ್ವನ ಮಾತನ್ನು ಬಾಯಲ್ಲಿ ಮೂರು ಸಲ ಹೇಳಿಕೊಂಡ. ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಅನ್ನುತ್ತಾರೆ. ಅಡಿವೆಪ್ಪನ ಹತ್ತಿರ ಆ ಗಾದೆ ಸುಳ್ಳು. ಹೇಳಿಕೊಟ್ಟ ಮಾತನ್ನು ಅವನು ಮರೆಯುತ್ತಲೇ ಇರಲಿಲ್ಲ.

ಮೊದಲ ವಾರ ಬಿಸ್ಕೀಟ್ ಡಬ್ಬಿಯಿಂದ ಇನ್ನೂರು ರೂಪಾಯಿ ಕೊಟ್ಟು ಸಂತೆಗೆ ಕಳಿಸಿದಳು. ಒಂದು ವಾರದ ಕಾಯಿಪಲ್ಯ ಬರಬೇಕು. ಅಡಿವೆಪ್ಪ ಚೀಲ ಬೀಸುತ್ತಾ ಹೋದ, ಚೀಲ ಬೀಸುತ್ತಾ ಬಂದ. ಚೀಲದ ತಳದಲ್ಲಿ ಬದನೆಕಾಯಿ, ಎರಡು ಸಿವುಡು ಮೆಂತ್ಯಪಲ್ಯ.

"ಇನ್ನೂರು ರೂಪಾಯಿಗೆ ಇಷ್ಟನ?"

"ಅವರು ಎಷ್ಟ ಹೇಳಿದ್ರು, ಅಷ್ಟ ಕೊಟ್ಟೆ."

"ಹೇಳಿದಷ್ಟು ಕೊಡಾಕ ನೀ ಏನು ದೇಸಾಯರ ಮಗನೇನೋ? ಅವರು ಹೇಳಿದ್ರಾಗ ಅರ್ಧಾ ಅನ್ನಬೇಕು. ಅರ್ಧಾ ಅಂದು, ಅಲ್ಲೇ ಗಟ್ಟಿ ನಿಂತಿರಬೇಕು. ಒಂದು ರೂಪಾಯಿನೂ ಮ್ಯಾಲ ಏರಬಾರ್ದು."

ಅಡಿವೆಪ್ಪ ಹೂಂ ಅಂದ. ಅರ್ಧ ಅನ್ನಬೇಕು, ಗಟ್ಟಿ ನಿಲ್ಲಬೇಕು. ಮೂರು ಸಲ ಹೇಳಿಕೊಂಡ.

ಮರುದಿನ ಅವ್ವ ಹಿತ್ತಲಲ್ಲಿದ್ದಾಗ ಮದುವೆ ಮನೆಯವರೊಬ್ಬರು ನೂರು ರೊಟ್ಟಿ ಒಯ್ಯಲು ಬಂದರು. ರೊಟ್ಟಿಗೆ ಎಂಟು ರೂಪಾಯಿ. ಅವರು ಕಿಸೆಯಿಂದ ದುಡ್ಡು ತೆಗೆದು, "ತಗೋಪಾ, ಎಂಟುನೂರು" ಅಂದರು.

"ಎಂಟುನೂರು ಆಗಂಗಿಲ್ರಿ. ನಾನೂರು" ಅಂದ ಅಡಿವೆಪ್ಪ.

"ಅಲ್ಲೋ, ನಾ ಎಂಟುನೂರು ಕೊಡಾಕತ್ತೀನಿ."

"ನೀವು ಏನರ ಹೇಳ್ರಿ. ನಾನೂರರ ಮ್ಯಾಲ ಒಂದು ರೂಪಾಯಿನೂ ಏರಂಗಿಲ್ಲ."

ಆ ಮನುಷ್ಯ ಅವನ ಮುಖ ನೋಡಿದ, ರೊಟ್ಟಿ ನೋಡಿದ, ಆಮೇಲೆ ಆ ಕಡೆ ಈ ಕಡೆ ನೋಡಿದ. ನಾನೂರು ಎಣಿಸಿ ಕೊಟ್ಟು ಗಂಟು ಹೊತ್ತುಕೊಂಡು ನಡೆದ. ಒಳ್ಳೆಯವನಾಗಿದ್ದರೆ ಎಂಟುನೂರು ಇಟ್ಟು ಹೋಗುತ್ತಿದ್ದ, ಆದರೆ ಪೆದ್ದನ ಮುಂದೆ ಒಳ್ಳೆಯವರಾಗಿ ಉಳಿಯುವವರು ಕಡಿಮೆ. ಅಡಿವೆಪ್ಪ ಗೆದ್ದ ಸಂತೋಷದಲ್ಲಿ ಅವ್ವನ ಮುಂದೆ ದುಡ್ಡು ಹಿಡಿದ. ಎರಡು ದಿನ ಒಲೆಯ ಮುಂದೆ ಕೂತು ಬಡಿದ ರೊಟ್ಟಿ ಅವು. ಸಂಕವ್ವ ಹಣೆ ಬಡಿದುಕೊಂಡಳು.

"ಕೊಳ್ಳೂದು ಬ್ಯಾರೆ, ಮಾರೂದು ಬ್ಯಾರೆ ಅಲ್ಲೇನೋ ನನ್ನಪ್ಪಾ. ಇನ್ನ ಮ್ಯಾಲ ನಮ್ಮ ರೊಟ್ಟಿ ಯಾರ ಕೈಗೆ ಹೋದ್ರೂ, ರೊಟ್ಟಿಗೆ ಎಂಟು ರೂಪಾಯಿ ಪೂರಾ ಎಣಿಸಿಗೊಂಡ ಮ್ಯಾಲೆ ಗಂಟು ಬಿಡು. ಅಲ್ಲೀತನಕಾ ಬಿಡಬ್ಯಾಡ."

ಅಡಿವೆಪ್ಪ ಹೂಂ ಅಂದ. ಪೂರಾ ಎಣಿಸಿಕೊಳ್ಳಬೇಕು, ಅಲ್ಲಿಯವರೆಗೆ ಗಂಟು ಬಿಡಬಾರದು.

ಆ ವಾರವೇ ಎದುರು ಮನೆಯ ರಾಚವ್ವನ ಮಾವ ತೀರಿಕೊಂಡ. ಸತ್ತವರ ಮನೆಯಲ್ಲಿ ಒಲೆ ಹೊತ್ತಿಸುವ ಹಾಗಿಲ್ಲ, ಓಣಿಯವರೇ ಬುತ್ತಿ ಕೊಡಬೇಕು. ಸಂಕವ್ವ ಏದುಸಿರು ಬಿಡುತ್ತಾ ಮೂವತ್ತು ರೊಟ್ಟಿ ಬಡಿದಳು, ಜುಣಕ ಮಾಡಿದಳು, ಬಟ್ಟೆಯಲ್ಲಿ ಕಟ್ಟಿ ಮಗನ ಕೈಗೆ ಕೊಟ್ಟಳು. "ರಾಚವ್ವ ದೊಡ್ಡವ್ವನ ಮನಿಗೆ ಕೊಟ್ಟು ಬಾ" ಅಂದಳು. ಅಷ್ಟೇ ಅಂದಳು, ಅದೇ ಅವಳ ತಪ್ಪು.

ಮಣ್ಣು ಮಾಡಿ ಬಂದ ಜನ ಹಸಿದು ಕೂತಿದ್ದಾರೆ. ಹೆಂಗಸರು ಅಳುತ್ತಿದ್ದಾರೆ. ಅಡಿವೆಪ್ಪ ನಡುಮನೆಗೆ ಹೋಗಿ ಗಂಟನ್ನು ಎದೆಗೆ ಅವುಚಿಕೊಂಡು ನಿಂತ.

"ಮೂವತ್ತು ರೊಟ್ಟಿ ದೊಡ್ಡವ್ವಾ. ಇನ್ನೂರಾ ನಲವತ್ತು."

ಅಳು ನಿಂತಿತು. ರಾಚವ್ವ ತಲೆ ಎತ್ತಿ ಅವನನ್ನೇ ನೋಡಿದಳು. ಯಾರೋ, "ಏ ಹುಚ್ಚಾ, ಇಟ್ಟು ಹೋಗೋ" ಅಂದರು. ಅವನು ಇಡಲಿಲ್ಲ. "ಪೂರಾ ಎಣಿಸಿಗೊಂಡ ಮ್ಯಾಲೆ" ಅಂದ. ರಾಚವ್ವ ಬಿಕ್ಕುತ್ತಲೇ ಒಳಗೆ ಹೋಗಿ ಇನ್ನೂರ ನಲವತ್ತು ತಂದು ಅವನ ಕೈಗೆ ಎಣಿಸಿ ಕೊಟ್ಟಳು. ಅವನು ಇನ್ನೊಮ್ಮೆ ಎಣಿಸಿ ನೋಡಿ ಗಂಟು ಕೊಟ್ಟ.

ಆ ದುಡ್ಡು ನೋಡಿ ಸಂಕವ್ವ ಎದ್ದು, ಸೆರಗು ಹೊದ್ದುಕೊಂಡು, ಎದುರು ಮನೆಗೆ ಹೋಗಿ ದುಡ್ಡು ವಾಪಸು ಕೊಟ್ಟು ರಾಚವ್ವನ ಕಾಲು ಹಿಡಿದಳು. ರಾಚವ್ವ ದೊಡ್ಡ ಮನಸ್ಸಿನವಳು. "ಅವಗೇನು ತಿಳೀತೈತಿ ಸಂಕವ್ವಾ, ಏಳು" ಅಂದಳು. ಸಂಕವ್ವ ಮನೆಗೆ ಬಂದು ಮಗನನ್ನು ಹತ್ತಿರ ಕೂಡಿಸಿಕೊಂಡಳು. ಬೈಯಲೂ ಶಕ್ತಿ ಇರಲಿಲ್ಲ.

"ಅಂಥಾ ಮನ್ಯಾಗ ರೊಕ್ಕದ ಮಾತು ಎತ್ತಬಾರ್ದೋ ತಮ್ಮಾ. ಒಯ್ದದ್ದು ಹೊಸ್ತಿಲದಾಗ ಇಡಬೇಕು. ಒಂದು ಮಾತೂ ಆಡಬಾರ್ದು. ಹೊಳ್ಳಿ ನೋಡದ ಬರಬೇಕು."

ಅಡಿವೆಪ್ಪ ಹೂಂ ಅಂದ. ಹೊಸ್ತಿಲಲ್ಲಿ ಇಡಬೇಕು, ಮಾತಾಡಬಾರದು, ಹೊರಳಿ ನೋಡಬಾರದು. ಮರೆಯಲಿಲ್ಲ. ಮರೆಯುವವನಾಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಒಂದನೇ ತಾರೀಖು ಬಂತು. ಪೌಡರ್ ಡಬ್ಬಿಯಲ್ಲಿ ಸಾವಿರದ ಐನೂರು ಸರಿಯಾಗಿ ಕೂಡಿತ್ತು. ಸಂಕವ್ವನಿಗೆ ಖುಷಿ. ಮನೆ ಯಜಮಾನ ಕಳಕಪ್ಪನಿಗೆ ಬಾಡಿಗೆ ಕೊಟ್ಟು ಬಾ ಅಂತ ಮಗನನ್ನು ಕಳಿಸಿದಳು. ಅಡಿವೆಪ್ಪ ಹೋದ. ನೋಟುಗಳನ್ನು ಹೊಸ್ತಿಲಲ್ಲಿ ಇಟ್ಟ. ಬಾಯಿ ಬಿಗಿದುಕೊಂಡು ಬಂದ. ಕಳಕಪ್ಪನ ಸೊಸೆ ಹಿಂದಿನಿಂದ, "ಏ ಅಡಿವೆಪ್ಪಾ, ಯಾಕ ಬಂದಿದ್ದೆಲೋ" ಅಂತ ಎರಡು ಸಲ ಕೂಗಿದಳು. ಅವನು ಹೊರಳಿ ನೋಡಲಿಲ್ಲ. ಅವಳು ಹೊಸ್ತಿಲವರೆಗೆ ಬರುವಷ್ಟರಲ್ಲಿ ಆ ನೋಟು ಅಲ್ಲಿರಲಿಲ್ಲ. ಓಣಿ ಅಂದಮೇಲೆ ಹೋಗಿ ಬರುವವರು ಇರುತ್ತಾರೆ.

ಸಂಜೆ ಕಳಕಪ್ಪನೇ ಬಂದ. ದುಡ್ಡು ಹೋದದ್ದಕ್ಕಿಂತ ಅವನಿಗೆ ಬೇರೆ ಸಿಟ್ಟು.

"ಸಂಕವ್ವಾ, ನನ್ನ ಮನಿ ಏನು ಸತ್ತವರ ಮನಿ ಏನು? ಹೊಸ್ತಿಲದಾಗ ಇಟ್ಟು, ಮಾತಾಡದ, ಹೊಳ್ಳಿ ನೋಡದ ಬಂದಾನಂತ ನಿನ್ನ ಮಗ. ಮನ್ಯಾಗ ಬಸುರಿ ಸೊಸಿ ಅದಾಳ."

ಸಂಕವ್ವ ಕೈಮುಗಿದಳು. ಬಿಸ್ಕೀಟ್ ಡಬ್ಬಿ ಸುರಿದಳು, ಚಹಾಪುಡಿ ಡಬ್ಬಿ ಸುರಿದಳು, ಎರಡೂ ಸೇರಿ ಬಾಡಿಗೆ ಆಯಿತು. ಹಿತ್ತಾಳೆ ಡಬ್ಬಿ ಮುಟ್ಟಲಿಲ್ಲ. ಆ ತಿಂಗಳು ಗುಳಿಗೆ ಅರ್ಧವೇ ತಂದಳು, ದಿನ ಬಿಟ್ಟು ದಿನ ನುಂಗಿದಳು. ಅದನ್ನು ಮಗನಿಗೆ ಹೇಳಲಿಲ್ಲ. ಬುದ್ಧಿ ಮಾತ್ರ ಹೇಳಿದಳು.

"ರೊಕ್ಕ ಹೊಸ್ತಿಲದಾಗ ಇಡೂದಲ್ಲ ತಮ್ಮಾ. ಯಾರಿಗೆ ಸಲ್ಲಬೇಕೋ ಅವರು ಬಂದು ಕೇಳಿದ ಕೂಡ್ಲೆ, ಅವರ ಮಾರಿ ನೋಡಿ, ಕೈಯಾಗ ಇಡಬೇಕು. ಇದು ಯಾತರ ರೊಕ್ಕ ಅಂತ ಬಾಯಿಬಿಟ್ಟು ಹೇಳಬೇಕು."

ಅಡಿವೆಪ್ಪ ಹೂಂ ಅಂದ.

ಮುಂದಿನ ಸೋಮವಾರ ಸಂಕವ್ವ ಗುಳಿಗೆ ತರಲು ದವಾಖಾನೆಗೆ ಹೋಗಿದ್ದಳು. ಆ ಹೊತ್ತಿಗೆ ಓಣಿಯ ಭಜನೆ ಮೇಳದವರು ಬಂದರು. ಅವರ ಹಾರ್ಮೋನಿಯಂ ಕೆಟ್ಟಿತ್ತು, ರಿಪೇರಿಗೆ ಐದು ಹತ್ತು ಕೇಳುತ್ತಾ ಮನೆಮನೆಗೆ ಬರುತ್ತಿದ್ದರು. ಅಡಿವೆಪ್ಪ ಅವರನ್ನು ನೋಡಿ ಯೋಚಿಸಿದ. ಹೌದು, ಅವನೂ ಯೋಚಿಸುತ್ತಿದ್ದ, ನಮಗಿಂತ ಸ್ವಲ್ಪ ನೆಟ್ಟಗೆ ಯೋಚಿಸುತ್ತಿದ್ದ. ಭಜನೆಯವರಿಗೆ ಸಲ್ಲಬೇಕಾದ ದುಡ್ಡು ಹಿತ್ತಾಳೆ ಡಬ್ಬಿಯಲ್ಲಿದೆ. ಅವರೇ ಬಂದು ಕೇಳುತ್ತಿದ್ದಾರೆ. ಅವ್ವ ಬೆರಳು ಮಡಚಿ ಹೇಳಿದ್ದ ಎಂಟುನೂರು ತೆಗೆದ, ಮುಖ ನೋಡಿದ, ಕೈಯಲ್ಲಿಟ್ಟ, ಬಾಯಿಬಿಟ್ಟು ಹೇಳಿದ.

"ಇದು ನಮ್ಮವ್ವನ ಮಣ್ಣಿಂದು."

ಭಜನೆಯವರು ದಂಗಾದರು. "ಯಾವಾಗ ಆತೋ? ಅವ್ವ ಎಲ್ಲೆದಾಳ?"

"ದವಾಖಾನ್ಯಾಗ ಅದಾಳ. ಇನ್ನೇನು ಬರ್ತಾಳ."

ಪಾಪ, ಅವರೇನು ಮಾಡಿಯಾರು. ಹೆಣ ಬರುವ ಹೊತ್ತಾಯಿತು ಅಂದುಕೊಂಡು ಓಡಿದರು. ಕೆಟ್ಟ ಹಾರ್ಮೋನಿಯಂ ಬಿಟ್ಟು ತಾಳ, ದಮ್ಮಡಿ ಹಿಡಿದುಕೊಂಡು ಬಂದು ಮನೆಯ ಕಟ್ಟೆಯ ಮೇಲೆ ಕೂತು ಶುರುಮಾಡಿಯೇ ಬಿಟ್ಟರು. ಅಡಿವೆಪ್ಪನೂ ಅವರ ಪಕ್ಕ ಕೂತು ಚಪ್ಪಾಳೆ ತಟ್ಟಿದ.

ಓಣಿಯ ತಿರುವಿಗೆ ಬಂದ ಸಂಕವ್ವನಿಗೆ ತನ್ನ ಮನೆಯ ಮುಂದೆ ಸಾವಿನ ಭಜನೆ ಕೇಳಿತು. ಮನೆಯಲ್ಲಿ ಬಿಟ್ಟು ಬಂದದ್ದು ಮಗ ಒಬ್ಬನನ್ನೇ. ಅವಳು ಓಡಿದಳು. ನಾಲ್ಕು ಹೆಜ್ಜೆ ನಡೆಯಲಾಗದವಳು ಓಣಿ ಉದ್ದಕ್ಕೂ ಓಡಿದಳು. ಅವಳನ್ನು ಕಂಡು ಹಾಡುವವರ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು. ಮಗ ನಗುತ್ತಾ ಎದ್ದು ಬಂದ.

"ಕೇಳಿದ ಕೂಡ್ಲೆ ಕೊಟ್ಟೆ ಅವ್ವಾ. ಕೈಯಾಗನ ಇಟ್ಟೆ."

ವಿಷಯ ತಿಳಿದ ಮೇಲೆ ಸಂಕವ್ವ ನಕ್ಕಳು. ಕಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ನನ್ನ ಹಾಡು ನಾನ ಕೇಳಿದಂಗಾತು" ಅಂದಳು. ನಗುತ್ತಾ ನಗುತ್ತಾ ಎದೆ ಹಿಡಿದುಕೊಂಡು ಕೂತಳು. ಭಜನೆಯವರು ಎಂಟುನೂರು ವಾಪಸು ಕೊಟ್ಟು, ಅವಳಿಗೆ ನೀರು ಕುಡಿಸಿ ಹೋದರು.

ಆ ದಿನ ಅವಳು ಹಿತ್ತಾಳೆ ಡಬ್ಬಿಯನ್ನು ಮಗನ ತೊಡೆಯ ಮೇಲಿಟ್ಟು ಹೇಳಿದಳು.

"ಇದೊಂದು ಡಬ್ಬಿ ಮಾತ್ರ ನನ್ನ ಕೇಳದ ತಗೀಬ್ಯಾಡ. ಯಾರು ಕೇಳಿದ್ರೂ ಕೊಡಬ್ಯಾಡ. ಗೌಡ ಬಂದು ಕೇಳಿದ್ರೂ ಕೊಡಬ್ಯಾಡ. ಮೊದಲ ನನ್ನ ಕೇಳು. ನಾ ಹೂಂ ಅಂದ ಮ್ಯಾಲೆ ತಗಿ. ತಿಳೀತಿಲ್ಲೋ?"

ಅಡಿವೆಪ್ಪ ಹೂಂ ಅಂದ.

ಆಮೇಲಿನ ಎರಡು ತಿಂಗಳು ಆ ಮನೆ ಕಂಡ ಒಳ್ಳೆಯ ದಿನಗಳು. ಸಂತೆಯಲ್ಲಿ ಅರ್ಧ ಕೇಳುವುದು, ಮಾರುವಾಗ ಪೂರಾ ಎಣಿಸುವುದು, ಬಾಡಿಗೆ ಕೈಯಲ್ಲಿಡುವುದು, ಎಲ್ಲ ಅವನಿಗೆ ಕೂಡಿಬಂತು. ಶನಿವಾರ ಶನಿವಾರ ದುಡ್ಡು ಎಣಿಸಿ ಮೂರು ಡಬ್ಬಿಗೆ ಹಾಕುತ್ತಿದ್ದ. ನಾಲ್ಕನೆಯದಕ್ಕೆ ಬಂದಾಗ, "ಅವ್ವಾ, ತಗೀಲೇನು?" ಅನ್ನುತ್ತಿದ್ದ. ಅವ್ವ "ಹೂಂ, ತಗಿ" ಅಂದಮೇಲೆ ಮುಚ್ಚಳ ತೆಗೆದು ನೂರು ಹಾಕಿ ಮುಚ್ಚುತ್ತಿದ್ದ. ಆರು ಸಾವಿರದ ಇನ್ನೂರು ಆಯಿತು. "ಇನ್ನ ನನಗ ಚಿಂತಿಲ್ಲ ರಾಚವ್ವಾ" ಅಂತ ಸಂಕವ್ವ ಎದುರು ಮನೆಯವಳ ಮುಂದೆ ಹೇಳಿಕೊಂಡಳು. ಅಷ್ಟು ಜಾಣೆ, ಎಲ್ಲ ಡಬ್ಬಿಗೂ ಲೆಕ್ಕ ಹಾಕಿದವಳು, ಒಂದನ್ನು ಮಾತ್ರ ಯೋಚಿಸಲಿಲ್ಲ. ಪೆದ್ದ ಅಂತ ಯಾರನ್ನು ಕರೆಯಬೇಕು ಅಂತ ನನಗೆ ಒಮ್ಮೊಮ್ಮೆ ಗೊಂದಲವಾಗುತ್ತದೆ.

ಚಳಿಗಾಲದ ಒಂದು ಬೆಳಗ್ಗೆ ಅಡಿವೆಪ್ಪ ನೀರು ತರಲು ಹೋಗಿದ್ದ. ವಾಪಸು ಬರುವಾಗ ರೊಟ್ಟಿಯ ಸಪ್ಪಳ ನಿಂತಿತ್ತು. ಹಂಚಿನ ಮೇಲಿನ ರೊಟ್ಟಿ ಕರಕಾಗಿ ಹೊಗೆ ಬರುತ್ತಿತ್ತು. ಅವ್ವ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಅಡಿವೆಪ್ಪ ರೊಟ್ಟಿ ತೆಗೆದ, ಒಲೆ ಆರಿಸಿದ, ಮಲಗಲಿ ಅಂತ ಪಕ್ಕದಲ್ಲಿ ಕೂತ. ಯಾರೂ ಹೇಳದೆ ಅವನು ಮಾಡಿದ ಮೊದಲ ಕೆಲಸ ಅದು. ಸಪ್ಪಳ ನಿಂತದ್ದಕ್ಕೆ ರಾಚವ್ವ ಬಂದು ನೋಡಿ, ಗೋಳೋ ಅಂತ ಅತ್ತಳು.

ನಮ್ಮ ಕಡೆ ಹೋದವರನ್ನು ಮಲಗಿಸುವುದಿಲ್ಲ, ಕೂಡಿಸುತ್ತೇವೆ. ಸಂಕವ್ವನಿಗೆ ಮೀಯಿಸಿ, ಹಣೆಗೆ ವಿಭೂತಿ ಬಳಿದು, ಸೆರಗು ಹೊದಿಸಿ, ನಡುಮನೆಯ ಗೋಡೆಗೆ ಒರಗಿಸಿ ಕೂಡಿಸಿದರು. ಮಲಗಿಸಿದ್ದರೆ ಅವನಿಗೆ ತಿಳಿಯುತ್ತಿತ್ತೋ ಏನೋ. ಕೂತ ಅವ್ವ ದಿನವೂ ಕೂತಂತೆಯೇ ಇದ್ದಳು.

"ಅಡಿವೆಪ್ಪಾ, ಹಿತ್ತಾಳಿ ಡಬ್ಬಿ ತಾರಪಾ" ಅಂದಳು ರಾಚವ್ವ. "ಎಲ್ಲಾ ಅದರಾಗ ಇಟ್ಟಾಳ ನಿಮ್ಮವ್ವ. ಪುಣ್ಯಾತಗಿತ್ತಿ, ಯಾರ ಹಂಗಿನ್ಯಾಗೂ ಹೋಗಲಿಲ್ಲ."

ಅಡಿವೆಪ್ಪ ಡಬ್ಬಿ ತಂದ. ಅವ್ವನ ಮುಂದೆ ಕೂತ.

"ಅವ್ವಾ, ತಗೀಲೇನು?"

ಕೂತಿದ್ದ ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡರು.

"ಅವ್ವಾ, ಕೇಳಾಕತ್ತಾರ. ತಗೀಲೇನು?"

"ಅಕಿ ಇಲ್ಲೋ ನನ್ನಪ್ಪಾ, ಹೋಗ್ಯಾಳ" ಅಂದಳು ರಾಚವ್ವ. "ಅಕಿ ಬದಲಿ ನಾ ಹೂಂ ಅಂತೀನಿ, ತಗಿ."

"ನೀ ಅಂದ್ರ ನಡ್ಯಂಗಿಲ್ಲ ದೊಡ್ಡವ್ವಾ. ಗೌಡ ಅಂದ್ರೂ ನಡ್ಯಂಗಿಲ್ಲ. ಅವ್ವನ ಹೂಂ ಅನ್ನಬೇಕು."

ಹನ್ನೊಂದಾಯಿತು, ಹನ್ನೆರಡಾಯಿತು. ಹಿರಿಯರು ಬುದ್ಧಿ ಹೇಳಿದರು, ಗದರಿಸಿದರು. ಮೂವರು ಗಂಡಸರು ಹಿಡಿದು ಎಳೆದರು. ಅವನು ಡಬ್ಬಿಯನ್ನು ಹೊಟ್ಟೆಗೆ ಅವುಚಿಕೊಂಡು ಮುದುಡಿ ಕೂತ, ಎತ್ತಿನಂಥ ಮೈ, ಯಾರಿಂದಲೂ ಬಿಡಿಸಲಾಗಲಿಲ್ಲ. ಅವನು ಸಿಟ್ಟಾಗಲಿಲ್ಲ, ಯಾರನ್ನೂ ಹೊಡೆಯಲಿಲ್ಲ. "ತಡೀರಿ, ಅಂತಾಳ, ತಡೀರಿ" ಅನ್ನುತ್ತಾ ಅವ್ವನ ತುಟಿಯನ್ನೇ ನೋಡುತ್ತಿದ್ದ.

ಕೊನೆಗೆ ಕಳಕಪ್ಪ ಎದ್ದ. "ಹೆಣದ ಮುಂದ ಜಗಳ ಬ್ಯಾಡ. ಹೊತ್ತು ಮುಳುಗೂದರಾಗ ಮಣ್ಣು ಆಗಬೇಕು. ಪಟ್ಟಿ ಎತ್ತೂಣು" ಅಂದ.

"ಬ್ಯಾಡ್ರೋ ಯಪ್ಪಾ" ಅಂತ ರಾಚವ್ವ ಅಡ್ಡ ಬಂದಳು. "ಅದೊಂದು ಮಾತ್ರ ಬ್ಯಾಡ್ರೋ. ಅದಕ್ಕ ಅಕಿ ಗುಳಿಗಿ ಬಿಟ್ಟು ರೊಕ್ಕ ಕೂಡಿಸ್ಯಾಳ."

ಆದರೆ ಹೊತ್ತು ಯಾರಿಗೆ ಕಾಯುತ್ತದೆ. ಇಬ್ಬರು ಹುಡುಗರು ಟವೆಲಿನ ಎರಡು ತುದಿ ಹಿಡಿದು ಓಣಿಯಲ್ಲಿ ನಡೆದರು. ಒಬ್ಬರು ನೂರು ಹಾಕಿದರು, ಒಬ್ಬರು ಐವತ್ತು ಹಾಕಿದರು, ಹಾಕಿದವರ ಹೆಸರನ್ನು ಒಬ್ಬ ಬರೆದುಕೊಂಡ. ಆ ದುಡ್ಡಿನಲ್ಲಿ ಹಾರ ಬಂತು, ವಿಭೂತಿ ಬಂತು, ಭಜನೆ ಆಯಿತು, ಕುಣಿ ಆಯಿತು. ಅಡಿವೆಪ್ಪ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೋದ, ಒಂದೇ ಕೈಯಿಂದ ಅವ್ವನಿಗೆ ಮಣ್ಣು ಹಾಕಿದ. ಹಾಕುವ ಮೊದಲು ಕುಣಿಯೊಳಗೆ ಬಗ್ಗಿ ಇನ್ನೊಂದು ಸಲ ಕೇಳಿದ. ನಿಂತವರೆಲ್ಲ ಮುಖ ಆಚೆ ತಿರುಗಿಸಿದರು.

ಸಂಜೆ ಮನೆಗೆ ಬಂದು ಡಬ್ಬಿಯನ್ನು ಮಾಡದಲ್ಲಿ ಅದರ ಜಾಗದಲ್ಲೇ ಇಟ್ಟ. ಅವ್ವ ಒರಗಿ ಕೂತಿದ್ದ ಗೋಡೆಯ ಮುಂದೆ ಕೂತ.

"ಅವ್ವಾ, ಎಲ್ಲಾರೂ ಕೇಳಿದ್ರು. ತಗೀಲಿಲ್ಲ. ಒಂದು ರೂಪಾಯಿನೂ ಕಡಿಮಿ ಆಗಿಲ್ಲ."

ಆಮೇಲೆ ಸುಮ್ಮನೆ ಕಾದ. ತಪ್ಪಾಗಿದ್ದರೆ ಅವ್ವ ಬೈಯುತ್ತಾಳೆ, ಬೈದ ಮೇಲೆ ಮುಂದೆ ಹೆಂಗೆ ಮಾಡಬೇಕು ಅಂತ ಹೇಳುತ್ತಾಳೆ. ಯಾವಾಗಲೂ ಹಂಗೇ ಆಗಿದೆ. ಹೊರಗೆ ಕತ್ತಲಾಯಿತು, ಓಣಿಯ ಮನೆಗಳಲ್ಲಿ ದೀಪ ಹತ್ತಿದವು. ದೀಪ ಹಚ್ಚು ಅಂತ ಯಾರೂ ಹೇಳಲಿಲ್ಲ, ಅವನು ಹಚ್ಚಲಿಲ್ಲ.